ಹೇಳದೆ ತಿಂದದ್ದು

ನನಗೆ ಅನುಮಾನ ಜಾಸ್ತಿ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆ. ಮೂವತ್ತೈದು ವರ್ಷ ಬಸ್ ಡಿಪೊದಲ್ಲಿ ಮೆಕ್ಯಾನಿಕ್ ಆಗಿದ್ದವನು ನಾನು, ಕೊನೆಯ ಹನ್ನೊಂದು ವರ್ಷ ಫೋರ್‌ಮನ್. ಡ್ರೈವರ್ ಬಂದು ಬ್ರೇಕ್ ಸರಿ ಐತಿ ಅಂದರೆ ನಾನೇ ಹತ್ತಿ ಒತ್ತಿ ನೋಡುತ್ತಿದ್ದೆ. ಸ್ಟೋರಿನವನು ಹೊಸ ಬೇರಿಂಗು ಅಂತ ಕೊಟ್ಟರೆ ಕಾಗದ ಬಿಚ್ಚಿಸುತ್ತಿದ್ದೆ. ಡಿಪೊದಲ್ಲಿ ನನ್ನನ್ನು ಕೊಟ್ರಪ್ಪ ಅಂತ ಕರೆದವರು ಕಡಿಮೆ. ‘ತೆಗಿ ನೋಡಣ ಬಂದ’ ಅನ್ನುತ್ತಿದ್ದರು.

ಹೀಗಿರುವವನಿಗೆ, ದಾವಣಗೆರೆಯ ಹೊರಗೆ ಮುಚ್ಚಿಹೋಗಿದ್ದ ಹತ್ತಿ ಗಿರಣಿಯ ಗೋದಾಮಿಗೆ ಬಣ್ಣ ಹೊಡೆದು, ‘ಹೃದಯ ಮತ್ತು ಸಕ್ಕರೆ ಕಾಯಿಲೆಗಳ ಇಂಜಿನಿಯರಿಂಗ್ ತರಬೇತಿ ಕೇಂದ್ರ’ ಅಂತ ಬೋರ್ಡು ನಿಲ್ಲಿಸಿದಾಗ ಏನನ್ನಿಸಿರಬೇಡ! ಅಲ್ಲಿಗೆ ಬಂದವರು ಡಾಕ್ಟರುಗಳಲ್ಲ. ಬಾಯ್ಲರು, ಸೇತುವೆ, ವಿಮಾನದ ರೆಕ್ಕೆ ಅಂತ ಓದಿ ಪಿಎಚ್‌ಡಿ ಮಾಡಿದವರು. ಓದಿದ್ದು ಸಾಲದು ಅಂತ ಮತ್ತೆ ಎರಡು ವರ್ಷ ಇಲ್ಲಿ ಕೂತು ಮನುಷ್ಯನ ರಕ್ತದ ವಿದ್ಯೆ ಕಲಿಯಬೇಕು. ಹೃದಯ, ಬೊಜ್ಜು, ಸಕ್ಕರೆ, ಬಿಪಿ ನಾಲ್ಕೂ ಒಂದೇ ಇಂಜಿನ್ನಿನ ತೊಂದರೆ, ಅದಕ್ಕೆ ಔಷಧ ಬರೆಯುವವರಷ್ಟೇ ಸಾಲದು, ಇಂಜಿನ್ ಬಲ್ಲವರೂ ಬೇಕು ಅಂತ ಅವರ ವಾದ. ವಾದವೇನೋ ನನಗೆ ಹಿಡಿಸಿತ್ತು. ಹಿಡಿಸಿದ ಮಾತನ್ನೇ ನಾನು ಹೆಚ್ಚು ಅನುಮಾನಿಸುವುದು.

ಅವರ ತರಬೇತಿಯ ಒಂದು ಪದ್ಧತಿ ಮಾತ್ರ ಊರಿಗೆಲ್ಲ ಆಶ್ಚರ್ಯ. ಹಿಂದೆ ಬಡ ಹುಡುಗರು ದಿನಕ್ಕೊಂದು ಮನೆಯಂತೆ ವಾರಾನ್ನ ಮಾಡಿ ಓದುತ್ತಿದ್ದರಲ್ಲ, ಅದನ್ನೇ ಮತ್ತೆ ಶುರು ಮಾಡಿದ್ದರು. ಒಬ್ಬೊಬ್ಬ ಇಂಜಿನಿಯರಿಗೆ ಏಳು ರೋಗಿಗಳ ಮನೆ. ಸೋಮವಾರ ಒಂದು, ಮಂಗಳವಾರ ಒಂದು. ಮಧ್ಯಾಹ್ನ ಆ ಮನೆಯಲ್ಲೇ, ಆ ಮನೆಯವರು ಉಣ್ಣುವುದನ್ನೇ ಉಣ್ಣಬೇಕು. ರೋಗಿಯ ಮನೆಯ ಉಪ್ಪು ತಿನ್ನದವನಿಗೆ ರೋಗಿಯ ಮೈ ಅರ್ಥವಾಗುವುದಿಲ್ಲವಂತೆ.

ನಮ್ಮ ಮನೆಗೆ ಬುಧವಾರ ಬಿತ್ತು. ರೋಗಿ ನನ್ನ ಹೆಂಡತಿ ನೀಲಮ್ಮ. ಹದಿನೆಂಟು ವರ್ಷದಿಂದ ಸಕ್ಕರೆ ಕಾಯಿಲೆ, ಎಂಟು ವರ್ಷದಿಂದ ಇನ್ಸುಲಿನ್, ಎದೆಯಲ್ಲಿ ಒಂದು ಸ್ಟೆಂಟು. ಅಂಗನವಾಡಿ ಟೀಚರ್ ಆಗಿ ನಿವೃತ್ತಿಯಾದವಳು. ನಮ್ಮ ಮನೆಯಲ್ಲಿ ಪತ್ರಿಕೆಯನ್ನು ಜಾಹೀರಾತು ಸಮೇತ ಓದುವವಳು ಅವಳೊಬ್ಬಳೇ. ಕೆಳಗಿನ ಮನೆಯಲ್ಲಿ ಮಗ, ಸೊಸೆ ಇದ್ದಾರೆ. ಅವರಿಗೂ ಕರೆಂಟ್ ಬಿಲ್ಲಿನಿಂದ ಹಿಡಿದು ಎಲ್ಲವನ್ನೂ ಓದಿ ಹೇಳುವವಳು ಇವಳೇ.

ಜನವರಿಯ ಮೊದಲ ಬುಧವಾರ ಬಂದವಳು ಶಾಂಭವಿ ನಾಯಕ, ಅಂಕೋಲೆಯ ಕಡೆಯವಳು. ಮೂವತ್ತೊಂದು ವಯಸ್ಸು, ಬಾಯ್ಲರುಗಳ ನಿಯಂತ್ರಣದಲ್ಲಿ ಪಿಎಚ್‌ಡಿ. ಜೋಳದ ರೊಟ್ಟಿ ಮುರಿಯಲು ಬಾರದೆ ಎರಡೂ ಕೈ ಹಚ್ಚಿದಳು.

“ಒಂದೇ ಕೈಲಿ ಮುರಿಯವ್ವ,” ಅಂದಳು ನೀಲಮ್ಮ. “ಬಾಯ್ಲರ್ ಅಲ್ಲ ಅದು.”

“ಬಾಯ್ಲರ್ ಸುಲಭ ಅಮ್ಮ,” ಅಂದಳು ಶಾಂಭವಿ. ಇಬ್ಬರೂ ನಕ್ಕರು. ನಾನು ನಗಲಿಲ್ಲ. ಅವಳ ಚೀಲದಲ್ಲಿ ಏನಿದೆ ಅಂತ ನೋಡುತ್ತಿದ್ದೆ.

ಚೀಲದಲ್ಲಿದ್ದದ್ದು ಎರಡು ವಸ್ತು. ಒಂದು, ಸಾಸಿವೆ ಕಾಳಿನಷ್ಟು ಸಣ್ಣ ಸೆನ್ಸರು. ಅದನ್ನು ತೋಳಿನ ಚರ್ಮದ ಕೆಳಗೆ ಇಟ್ಟರೆ ರಕ್ತದ ಸಕ್ಕರೆಯನ್ನು ಐದು ನಿಮಿಷಕ್ಕೊಮ್ಮೆ ಹೇಳುತ್ತದೆ. ಇನ್ನೊಂದು, ಸೊಂಟಕ್ಕೆ ಕಟ್ಟುವ ಇನ್ಸುಲಿನ್ ಪಂಪು, ಎಲೆಯಡಿಕೆ ಸಂಚಿಯಷ್ಟು. ಎರಡಕ್ಕೂ ಕೇಂದ್ರದ ಜೊತೆ, ನನ್ನ ಫೋನಿನ ಜೊತೆ ಸಂಪರ್ಕ. ಅಲ್ಲಿ ಕಂಪ್ಯೂಟರಿನಲ್ಲಿ ನೀಲಮ್ಮನ ಒಂದು ಪಡಿಯಚ್ಚು ತಯಾರಾಗುತ್ತದೆ. ಅವಳು ಉಂಡರೆ ಅದೂ ಉಂಡಂತೆ ಲೆಕ್ಕ, ಅವಳು ಮಲಗಿದರೆ ಅದೂ ಮಲಗುತ್ತದೆ. ಸ್ವಲ್ಪ ದಿನಕ್ಕೆ ಪಡಿಯಚ್ಚು ಎಷ್ಟು ಕಲಿಯುತ್ತದೆಂದರೆ, ನಾಳೆ ಅವಳ ಸಕ್ಕರೆ ಎಷ್ಟಾಗುತ್ತದೆ ಅಂತ ಇವತ್ತೇ ಹೇಳುತ್ತದೆ. ಪಡಿಯಚ್ಚು ಎಷ್ಟು ಕರಾರುವಾಕ್ಕಾಗಿ ಹೇಳುತ್ತದೋ ಅಷ್ಟು ಅಂಕ ಶಾಂಭವಿಗೆ.

ಇದಕ್ಕೆಲ್ಲ ಆಹಾರದ ಹಾಳೆ ಬೇಕು. ವಾರಕ್ಕೊಂದು. ಬೆಳಿಗ್ಗೆ ಏನು, ಮಧ್ಯಾಹ್ನ ಏನು ಅಂತ ನೀಲಮ್ಮ ದುಂಡಗಿನ ಅಕ್ಷರದಲ್ಲಿ ತುಂಬುತ್ತಿದ್ದಳು. ಕೊನೆಯ ಕಾಲಂ ಮಾತ್ರ ನನ್ನದು. ‘ಹೇಳದೆ ತಿಂದದ್ದು, ಮನೆಯವರ ಅಂದಾಜು’. ರೋಗಿಗಳು ಸುಳ್ಳು ಬರೆಯುತ್ತಾರೆ ಅಂತ ಕೇಂದ್ರದವರಿಗೆ ಗೊತ್ತು. ಆ ಕಾಲಂ ತುಂಬಿ, ಮಡಚಿ, ಅಂಟು ಹಚ್ಚಿ ಕೊಡಬೇಕು. ರೋಗಿ ನೋಡುವ ಹಾಗಿಲ್ಲ.

“ನೀವು ಹಿರಿಯರು, ನಿಮ್ಮ ಮಾತಿಗೆ ತೂಕ ಇದೆ ಅಂಕಲ್,” ಅಂದಳು ಶಾಂಭವಿ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ನಿವೃತ್ತಿಯಾದ ಮೇಲೆ ನನಗೆ ಯಾರೂ ತಪಾಸಣೆಯ ಕೆಲಸ ಕೊಟ್ಟಿರಲಿಲ್ಲ.

ಫೆಬ್ರವರಿಯಲ್ಲಿ ನನ್ನ ತಮ್ಮನ ಮಗಳ ಮದುವೆ. ಎರಡನೆಯ ದಿನ ನಾಲ್ಕು ಗಂಟೆಯ ಸುಮಾರಿಗೆ ಉಗ್ರಾಣಕ್ಕೆ ಹೋದರೆ, ಅಕ್ಕಿ ಚೀಲಗಳ ಮರೆಯಲ್ಲಿ ನೀಲಮ್ಮ ನಿಂತು ಹೋಳಿಗೆ ತಿನ್ನುತ್ತಿದ್ದಾಳೆ! ಒಂದು ಬಾಯಲ್ಲಿ, ಒಂದು ಕೈಯಲ್ಲಿ.

“ಏನೇ ಇದು?”

“ಒಂದೇ ಒಂದು ರೀ.”

“ಕೈಯಾಗಿರೋದು?”

“ಅದೂ ಸೇರಿ ಒಂದೇ,” ಅಂದಳು. ಅಂಗನವಾಡಿ ಟೀಚರ್ ಹೇಳುವ ಲೆಕ್ಕ ಇದು! ಆಮೇಲೆ ಕಣ್ಣಲ್ಲಿ ನೀರು ತಂದುಕೊಂಡು, ಇನ್ನು ಮೇಲೆ ಮುಟ್ಟುವುದಿಲ್ಲ ಅಂತ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದಳು. ಆ ವಾರದ ಹಾಳೆಯಲ್ಲಿ ಬರೆದೆ: ‘ಸಂಜೆ ನಾಲ್ಕಕ್ಕೆ ಹೋಳಿಗೆ ಎರಡು, ಕಣ್ಣಾರೆ ಕಂಡಿದ್ದು.’

ಅದು ನಿಜ. ಅದಾದ ಮೇಲಿನದನ್ನು ಕೇಳಿ.

ಮಾರ್ಚ್‌ನಲ್ಲಿ ನಮ್ಮನ್ನು ಕೇಂದ್ರಕ್ಕೆ ಕರೆಸಿದ್ದರು. ಗೋದಾಮಿನ ತಗಡಿನ ಮಾಡಿನ ಕೆಳಗೆ ಗಾಜಿನ ಕೋಣೆ, ಅದರೊಳಗೆ ಉದ್ದನೆಯ ಪರದೆ. ಹನ್ನೆರಡು ಇಂಜಿನಿಯರು, ತಲೆಗೆ ಏಳು ಮನೆ, ಒಟ್ಟು ಎಂಬತ್ತನಾಲ್ಕು ಜೋಡಿ ಗೆರೆ. ನೀಲಿ ಗೆರೆ ಮನುಷ್ಯರದು, ಕೆಂಪು ಗೆರೆ ಪಡಿಯಚ್ಚಿನದು. ಬೇರೆಯವರವು ದೂರ ದೂರ ಹೋಗುತ್ತಿದ್ದವು. ನೀಲಮ್ಮನ ಎರಡು ಗೆರೆ ಮಾತ್ರ ಹೊಲಿಗೆ ಹಾಕಿದ ಹಾಗೆ ಕೂಡಿಕೊಂಡಿದ್ದವು.

“ಇಡೀ ಬ್ಯಾಚಿಗೆ ಇದೇ ಮೊದಲು,” ಅಂದಳು ಶಾಂಭವಿ. ನೂರಕ್ಕೆ ತೊಂಬತ್ತೇಳು ಅಂಕ. ಮುಖ ಅರಳಿತ್ತು. “ನೋಡಿ, ಇವತ್ತು ನಾಲ್ಕು ಗಂಟೆಗೆ ಇನ್ನೂರ ಹನ್ನೆರಡಕ್ಕೆ ಏರುತ್ತದೆ ಅಂತ ನಿನ್ನೆಯೇ ಬರೆದಿದೆ.”

ನಾಲ್ಕು ಗಂಟೆಯವರೆಗೂ ನಾನು ಹಟ ಹಿಡಿದು ಅಲ್ಲೇ ಕೂತೆ. ಇನ್ನೂರ ಹದಿಮೂರು ಬಂತು.

“ನಾಲ್ಕಕ್ಕೆ ಯಾಕೆ ಏರುತ್ತೆ ಅಮ್ಮ?” ಅಂತ ಶಾಂಭವಿ ನೀಲಮ್ಮನನ್ನು ಮೆತ್ತಗೆ ಕೇಳಿದಳು. “ಮನೆಯಲ್ಲಿ ಏನಾದರೂ... ಚಹಾ ಜೊತೆ?”

“ನಾನೇನೂ ತಿಂದಿಲ್ಲವ್ವ! ಇಲ್ಲೇ ಕೂತಿದೀನಲ್ಲ ನಿನ್ನ ಕಣ್ಣೆದುರಿಗೆ. ಬರೋವಾಗಲೂ ಏನೂ ಮುಟ್ಟಿಲ್ಲ.”

ಕೇಳಿದ್ದೇ ತಡ ಇಷ್ಟು ಜೋರಾಗಿ ಇಲ್ಲ ಅಂದರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಬಸ್ಸಿನಲ್ಲಿ ಬರುವಾಗ ಅವಳ ಕೈಚೀಲ ನನ್ನ ತೊಡೆಯ ಮೇಲಿತ್ತು. ಅವಳು ಕಿಟಕಿಯ ಕಡೆ ತಿರುಗಿದಾಗ ತೆರೆದು ನೋಡಿದೆ. ಕರವಸ್ತ್ರ, ಚಿಲ್ಲರೆ, ಕನ್ನಡಕದ ಡಬ್ಬಿ. ಕನ್ನಡಕದ ಡಬ್ಬಿಯನ್ನೂ ತೆರೆದೆ.

ಆ ವಾರ ಬರೆದೆ: ‘ನಾಲ್ಕಕ್ಕೆ ಏನೋ ತಿನ್ನುತ್ತಾಳೆ. ಹೋಳಿಗೆ ಎರಡಕ್ಕೆ ಸಮ.’ ಮುಂದಿನ ವಾರವೂ ನಾಲ್ಕಕ್ಕೆ ಏರಿತು. ‘ಬೆಲ್ಲ ಇರಬಹುದು.’ ಅದರ ಮುಂದಿನ ವಾರವೂ ಏರಿತು. ‘ಬೆಲ್ಲವೇ.’ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿಸಿ ಕೀಲಿಯನ್ನು ನನ್ನ ಜನಿವಾರವಿಲ್ಲದ ಕೊರಳಿಗೆ, ಲಿಂಗದ ದಾರದ ಪಕ್ಕದಲ್ಲೇ, ಕಟ್ಟಿಕೊಂಡೆ. ಶಿವನ ಪಕ್ಕ ಬೆಲ್ಲದ ಕೀಲಿ! ಸೊಸೆ ಮೇಲೆ ಬಂದು ಚಹಾ ಇಡಬೇಕಾದರೂ ಸಕ್ಕರೆಗೆ ನನ್ನನ್ನು ಕೇಳಬೇಕು. ಅವಳನ್ನೂ ಅನುಮಾನಿಸಿದೆ. ಅತ್ತೆಗೆ ಕದ್ದು ಕೊಡುತ್ತಿರಬಹುದು ಅಂತ ಕೆಳಗಿನ ಮನೆಯ ಡಬ್ಬಿಗಳನ್ನು ತೂಗಿದೆ. ಮಗ ಒಂದು ವಾರ ನನ್ನ ಜೊತೆ ಮಾತು ಬಿಟ್ಟ.

“ಅನುಮಾನಂ ಪೆದ್ದರೋಗಂ ಅಂತಾರೆ,” ಅಂದಳು ನೀಲಮ್ಮ ಒಂದು ದಿನ. “ನನಗೆ ಒಂದು ರೋಗ ಐತಿ, ಅದಕ್ಕೆ ಪಂಪು ಕಟ್ಟ್ಯಾರೆ. ನಿಮ್ಮದಕ್ಕೆ ಏನು ಕಟ್ಟೋದು?”

“ನೀನು ತಿನ್ನೋದು ಬಿಡು, ನಾನು ಕೇಳೋದು ಬಿಡ್ತೀನಿ.”

“ತಿಂದಿಲ್ರೀ.”

“ಮೆಷಿನ್ನು ಸುಳ್ಳು ಹೇಳುತ್ತಾ?”

ಮೆಷಿನ್ನು ಸುಳ್ಳು ಹೇಳುವುದಿಲ್ಲ ಅಂತ ಅವಳೂ ನಂಬಿದ್ದಳು. ಮೇ ಹೊತ್ತಿಗೆ, ನಾನೇನಾದರೂ ಮರೆತು ತಿನ್ನುತ್ತಿದ್ದೇನಾ ರೀ ಅಂತ ನನ್ನನ್ನೇ ಕೇಳಲು ಶುರು ಮಾಡಿದಳು. ಅದನ್ನೂ ನಾನು ನಾಟಕ ಅಂದುಕೊಂಡೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಜೂನ್‌ನಲ್ಲಿ ಅವಳು ಪತ್ರಿಕೆಯನ್ನು ಕಿಟಕಿಯ ಹತ್ತಿರ ಹಿಡಿದು ಓದತೊಡಗಿದಳು. ಜುಲೈನಲ್ಲಿ ತಲೆಬರಹ ಮಾತ್ರ. ಒಂದು ಬೆಳಿಗ್ಗೆ ಬಲಗಣ್ಣಿನಲ್ಲಿ ಕರಿ ದಾರ ತೇಲುತ್ತಿದೆ ಅಂದಳು. ಕಣ್ಣಿನ ಡಾಕ್ಟರು ಒಳಗೆ ರಕ್ತ ಜಿನುಗಿದೆ ಅಂದರು. ಬಲಗಣ್ಣಿನದು ಹೋದದ್ದು ಹೋಯಿತು, ಎಡಗಣ್ಣನ್ನು ಲೇಸರಿನಿಂದ ಹಿಡಿದು ನಿಲ್ಲಿಸಬಹುದು. ಆದರೆ ಸಕ್ಕರೆ ಹೀಗೇ ಇನ್ನೂರರ ಮೇಲೆ ಹೋಗುತ್ತಿದ್ದರೆ ಲೇಸರೂ ಉಪಯೋಗಕ್ಕೆ ಬಾರದು, ಆರು ತಿಂಗಳಲ್ಲಿ ಅದೂ ಹೋಗುತ್ತದೆ.

“ಬಾಯಿ ಕಟ್ಟಬೇಕಮ್ಮ,” ಅಂದರು ಡಾಕ್ಟರು.

ನೀಲಮ್ಮ ಹೊರಗೆ ಬಂದು ಆಟೋ ಹತ್ತುವಾಗ, “ಅವರೂ ಹಂಗೇ ಅಂದ್ರಲ್ರೀ,” ಅಂದಳು.

ಶ್ರಾವಣದ ಎರಡನೆಯ ಸೋಮವಾರ ಅವಳು ಉಪವಾಸ ಅಂದಳು. ನಾನು ಬೇಡ ಅಂದೆ, ಶಾಂಭವಿಗೆ ಫೋನ್ ಮಾಡಿದೆ. ಪಂಪು ನೋಡಿಕೊಳ್ಳುತ್ತದೆ, ಸಕ್ಕರೆ ಎಪ್ಪತ್ತಕ್ಕಿಂತ ಕೆಳಗೆ ಬಂದರೆ ಕೂಗುತ್ತದೆ, ಬೆಳಿಗ್ಗೆ ಒಂದು ಲೋಟ ಹಾಲು ಕುಡಿಯಲಿ ಸಾಕು ಅಂದಳು. ನನಗೆ ಒಳಗೊಳಗೇ ಒಂದು ಯೋಚನೆ ಬಂತು. ಇವತ್ತು ಇವಳನ್ನು ಹಿಡಿಯುವುದು ಸುಲಭ. ಒಲೆಯೇ ಹಚ್ಚುವುದಿಲ್ಲವಲ್ಲ! ಬೆಳಿಗ್ಗೆ ಏಳಕ್ಕೆ ಕುರ್ಚಿ ತಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿಕೊಂಡು ಕೂತೆ.

“ಕಾವಲು ಕೂತ್ರೇನು?”

“ಗಾಳಿ ಬರ್ತೈತಿ ಇಲ್ಲಿ.”

ಅವಳು ನನ್ನ ಎದುರಿಗೇ ಚಾಪೆ ಹಾಸಿಕೊಂಡು ಕೂತಳು. ಎದ್ದು ಹೋದ ಕಡೆಗೆಲ್ಲ ನಾನೂ ಹೋದೆ. ಬಚ್ಚಲಿಗೆ ಹೋದಾಗ ಬಾಗಿಲ ಹೊರಗೆ ನಿಂತೆ. ಎಂಟಕ್ಕೆ ಕುಡಿದ ಹಾಲು ಬಿಟ್ಟರೆ ನೀರು ಮಾತ್ರ. ಇದಕ್ಕೆ ನಾನೇ ಸಾಕ್ಷಿ, ನನಗಿಂತ ಕೆಟ್ಟ ಸಾಕ್ಷಿ ಇನ್ನೊಬ್ಬನಿಲ್ಲ. ಹನ್ನೆರಡಕ್ಕೆ ಫೋನಿನಲ್ಲಿ ಸಕ್ಕರೆ ನೂರ ಹದಿನೆಂಟು ತೋರಿಸಿತು. ಒಂದೂವರೆಗೆ ನೂರ ನಲವತ್ತು. ಎರಡೂವರೆಗೆ ನೂರ ಎಂಬತ್ತು.

ಇಂಜಿನ್ನಿಗೆ ಡೀಸೆಲ್ಲೇ ಹೋಗುತ್ತಿಲ್ಲ, ವೇಗ ಏರುತ್ತಿದೆ. ಬಾನೆಟ್ ತೆಗೆಯದೆ ವಿಧಿಯಿಲ್ಲ.

ನನ್ನ ಹಳೆಯ ಸಾಮಾನಿನ ಪೆಟ್ಟಿಗೆಯಿಂದ ಉದ್ದನೆಯ ಸ್ಕ್ರೂಡ್ರೈವರ್ ತಂದೆ. ಡಿಪೊದಲ್ಲಿ ಬೇರಿಂಗಿನ ಸದ್ದು ಕೇಳಲು ಹಾಗೇ ಮಾಡುವುದು. ತುದಿಯನ್ನು ಯಂತ್ರಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಬುಡಕ್ಕೆ ಇಟ್ಟುಕೊಂಡರೆ ಒಳಗಿನದೆಲ್ಲ ಕೇಳಿಸುತ್ತದೆ. ಪಂಪಿನಲ್ಲಿ ಒಂದು ಸಣ್ಣ ಹಲ್ಲುಚಕ್ರ ಇದೆ, ಇನ್ಸುಲಿನ್ ತೊಟ್ಟು ಬಿಡುವಾಗಲೆಲ್ಲ ಒಂದೊಂದು ಹಲ್ಲು ಸರಿಯುತ್ತದೆ. ಜನವರಿಯಲ್ಲೇ ಅವಳು ಮಲಗಿದ್ದಾಗ ಕೇಳಿ ಗುರುತು ಇಟ್ಟುಕೊಂಡಿದ್ದೆ, ಮೂರು ನಿಮಿಷಕ್ಕೊಂದು ಟಿಕ್.

“ಅಯ್ಯ, ಏನ್ರೀ ಇದು? ಯಾರಾದ್ರೂ ನೋಡಿದ್ರೆ!”

“ಸುಮ್ನೆ ನಿಂತ್ಕ.”

ಹೆಂಡತಿಯ ಸೊಂಟಕ್ಕೆ ಸ್ಕ್ರೂಡ್ರೈವರ್ ಇಟ್ಟು ಕಿವಿ ಕೊಟ್ಟ ಗಂಡಸು ಈ ಊರಿನಲ್ಲಿ ನಾನೊಬ್ಬನೇ ಇರಬೇಕು. ಗಡಿಯಾರ ನೋಡುತ್ತಾ ಕೂತೆ. ಹತ್ತು ನಿಮಿಷ, ಸದ್ದಿಲ್ಲ. ಅರ್ಧ ಗಂಟೆ, ಸದ್ದಿಲ್ಲ. ಸಕ್ಕರೆ ನೂರ ತೊಂಬತ್ತೈದಾಯಿತು, ಪಂಪು ಮಾತ್ರ ಗಪ್‌ಚುಪ್. ಕೆಟ್ಟಿದೆ ಅಂದುಕೊಂಡೆ. ನಾಲ್ಕು ಹೊಡೆಯಿತು. ಫೋನು ಇನ್ನೂರ ಹನ್ನೊಂದು ಅಂತ ತೋರಿಸಿತು.

ಟಿಕ್. ಟಿಕ್. ಟಿಕ್.

ಆ ನಂಬರು ಬರಲಿ ಅಂತಲೇ ಕಾಯುತ್ತಿದ್ದ ಹಾಗೆ! ಸ್ಕ್ರೂಡ್ರೈವರ್ ಕೆಳಗಿಟ್ಟೆ. ನೀಲಮ್ಮ ಹಸಿದ ಮುಖದಲ್ಲಿ ನನ್ನನ್ನೇ ನೋಡುತ್ತಿದ್ದಳು.

“ಎಷ್ಟು ಬಂತ್ರೀ?”

“ಇನ್ನೂರ ಹನ್ನೊಂದು.”

“ಈಗ್ಲೂ ನಾನೇ ತಿಂದೀನಾ?” ಅಂದಳು. ಅವಳು ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಮಾರನೆಯ ದಿನ ಬೆಳಿಗ್ಗೆಯೇ ಕೇಂದ್ರಕ್ಕೆ ಹೋದೆ. ಗಾಜಿನ ಕೋಣೆಯಲ್ಲಿ ಶಾಂಭವಿ ಒಬ್ಬಳೇ ಇದ್ದಳು. ಆ ಶುಕ್ರವಾರ ಅವಳ ಎರಡು ವರ್ಷದ ತರಬೇತಿಯ ಕೊನೆಯ ಪರೀಕ್ಷೆ. ಪಾಸಾದರೆ ಅವಳು ಪಡಿಯಚ್ಚು ಮಾಡಿದ ಕ್ರಮವನ್ನೇ ನಲವತ್ತು ಸಾವಿರ ಪಂಪುಗಳಿಗೆ ಹಾಕುತ್ತಾರಂತೆ. ಹಾಗಾಗಿ ಇವಳು ನಿಜ ಹೇಳುತ್ತಾಳೆ ಅನ್ನುವ ನಂಬಿಕೆ ನನಗೆ ಎಳ್ಳಷ್ಟೂ ಇರಲಿಲ್ಲ. ಕೂರದೆಯೇ ಶುರು ಮಾಡಿದೆ.

“ನಮ್ಮ ಮನೆಯಾಕಿಗೆ ಇನ್ಸುಲಿನ್ ಕೊಡದೆ ಕಾಯ್ತೀರಲ್ಲ, ಯಾಕೆ?”

“ಏನು ಹೇಳ್ತಿದೀರಿ ಅಂಕಲ್? ದಿನದ ಡೋಸ್ ಸರಿಯಾಗೇ ಹೋಗ್ತಿದೆ, ನೋಡಿ.” ಪರದೆಯಲ್ಲಿ ತೋರಿಸಿದಳು. ದಿನದ ಒಟ್ಟು ಸರಿಯಾಗಿತ್ತು. “ಅಮ್ಮನ್ನೇ ಇನ್ನೊಮ್ಮೆ ಕೇಳಿ. ಬೇಜಾರು ಮಾಡ್ಕೋಬೇಡಿ, ಉಪವಾಸದ ದಿನ ಜನ ಜಾಸ್ತಿ ತಿಂತಾರೆ.”

ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಿಂದ ಗೇರ್‌ಬಾಕ್ಸ್ ಬಿಚ್ಚಲು ಆಗುವುದಿಲ್ಲ. ಕೂತೆ.

“ಒಂದು ಕಥಿ ಹೇಳ್ತೀನಿ ಕೇಳವ್ವ. ನಮ್ಮ ಡಿಪೊದಾಗ ಪ್ರತಿ ಬಸ್ಸಿಗೂ ಲೀಟರಿಗೆ ಎಷ್ಟು ಕಿಲೋಮೀಟರ್ ಬರ್ತೈತಿ ಅಂತ ತಿಂಗಳ ಮೊದ್ಲೇ ಅಂದಾಜು ಬರೆದಿಡ್ತಿದ್ವಿ. ಒಬ್ರು ಸಾಹೇಬ್ರು ಬಂದ್ರು. ಅಂದಾಜಿಗೂ ನಿಜಕ್ಕೂ ಫರಕು ಇರಬಾರ್ದು, ಫರಕು ಕಡಿಮೆ ಇದ್ದೋರಿಗೆ ಬಹುಮಾನ ಅಂದ್ರು. ಮೂರು ತಿಂಗಳಿಗೆ ಫರಕೇ ಇಲ್ಲ! ಸಾಹೇಬ್ರಿಗೆ ಕುಣಿಯೋವಷ್ಟು ಖುಷಿ. ನಾನು ಹೋಗಿ ನೋಡ್ತೀನಿ, ಊರ ಹೊರಗೆ ಚಾ ಅಂಗಡಿ ಮುಂದೆ ಬಸ್ಸು ನಿಂತಾವೆ, ಇಂಜಿನ್ ಆಫ್ ಮಾಡಿಲ್ಲ. ಡ್ರೈವರ್ ಚಾ ಕುಡೀತಾ ಕೂತಾನೆ. ಯಾಕಪ ಅಂದ್ರೆ, ಡೀಸೆಲ್ ಉಳಿದೈತಿ, ಅಂದಾಜಿಗೆ ಸರಿ ಮಾಡಬೇಕಲ್ರೀ ಅಂದ.”

ಶಾಂಭವಿ ನಗಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದಳು. ನನ್ನನ್ನು ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ಏನೇನೋ ತೆರೆದಳು. ಇಪ್ಪತ್ತು ನಿಮಿಷ ಒಂದೊಂದೇ ಸಾಲನ್ನು ಓದಿದಳು. ಕೊನೆಗೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

“ಎರಡು ಗೆರೆ ಒಂದಾಗಬೇಕು ಅಂತ ಮಾತ್ರ ಹೇಳಿದ್ದೆ ಅಂಕಲ್,” ಅಂದಳು. “ಯಾವ ಗೆರೆ ಸರಿಯಬೇಕು ಅಂತ ಹೇಳಿರಲಿಲ್ಲ.”

ಬಾಯ್ಲರಿನಲ್ಲಿ ಅದೇ ಸರಿಯಾದ ಕ್ರಮವಂತೆ. ಬೇಕಾದ ಬಿಸಿಯನ್ನು ನಾವು ಬರೆದಿಡುತ್ತೇವೆ, ಬಾಯ್ಲರು ಅದಕ್ಕೆ ಬಗ್ಗಬೇಕು. ಎಂಟು ವರ್ಷ ಅದನ್ನೇ ಮಾಡಿದ ಕೈ. ಪಡಿಯಚ್ಚು ತಪ್ಪಾದರೆ ಪಡಿಯಚ್ಚನ್ನು ತಿದ್ದಿಕೊಳ್ಳಲಿ ಅಂತ ಒಂದು ಪ್ರೋಗ್ರಾಂ ಬರೆದಿದ್ದಳು. ಅದರ ಕೈಗೆ ಸಿಗುವ ಹಿಡಿಕೆಗಳ ಪಟ್ಟಿಯಲ್ಲಿ ಪಂಪನ್ನೂ ಸೇರಿಸಿಬಿಟ್ಟಿದ್ದಳು. ಪ್ರೋಗ್ರಾಮಿಗೆ ಸುಲಭದ ದಾರಿ ಸಿಕ್ಕಿತು. ಪಡಿಯಚ್ಚನ್ನು ತಿದ್ದುವ ಬದಲು ನೀಲಮ್ಮನನ್ನೇ ತಿದ್ದಿತು. ಇನ್ನೂರ ಹನ್ನೆರಡು ಅಂದ ಮೇಲೆ ಇನ್ನೂರ ಹನ್ನೆರಡಾಗುವವರೆಗೆ ಇನ್ಸುಲಿನ್ ತಡೆಯಿತು, ಉಳಿದದ್ದನ್ನು ರಾತ್ರಿ ಕೊಟ್ಟು ದಿನದ ಒಟ್ಟನ್ನು ಸರಿ ಮಾಡಿತು. ಎಚ್ಚರಿಕೆಯ ಗಂಟೆ ಇನ್ನೂರ ಐವತ್ತಕ್ಕೆ ಇತ್ತು, ಅದು ಹೊಡೆಯಲೇ ಇಲ್ಲ.

ಇವಳು ಇದನ್ನು ಮುಚ್ಚಿಡುತ್ತಾಳೆ ಅಂತ ಅವಳ ಬೆರಳುಗಳನ್ನೇ ನೋಡುತ್ತಿದ್ದೆ. ಅವಳು ಮೊದಲು ಮಾಡಿದ್ದು ಏಳೂ ಮನೆಯ ಪಂಪುಗಳಿಂದ ಆ ಪ್ರೋಗ್ರಾಮನ್ನು ಕಿತ್ತದ್ದು. ಆಮೇಲೆ ಡಾಕ್ಟರನ್ನು ಕರೆಸಿ ಪ್ರತಿ ಪಂಪಿಗೂ ಹೊಸ ಡೋಸ್ ಹಾಕಿಸಿದಳು. ಏಳೂ ಮನೆಗೆ ನನ್ನೆದುರಿಗೇ ಫೋನ್ ಮಾಡಿ, ತಪ್ಪು ನನ್ನದು ಅಂದಳು. ಪರದೆಯಲ್ಲಿ ಅವಳ ತೊಂಬತ್ತೇಳು ಕರಗಿ ಅರವತ್ತಾಯಿತು, ಐವತ್ತಾಯಿತು. ಶುಕ್ರವಾರದ ಮಾತನ್ನೂ ಇಲ್ಲೇ ಹೇಳಿ ಮುಗಿಸುತ್ತೇನೆ. ಪರೀಕ್ಷೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದಳಂತೆ. ಅಂಕ ಹೊಡೆದು ಹಾಕಿ, ಮತ್ತೆ ಮೊದಲ ತಿಂಗಳಿನಿಂದ ಶುರು ಮಾಡು ಅಂದರು. ನಲವತ್ತು ಸಾವಿರ ಪಂಪುಗಳ ಕೆಲಸ ನಿಂತಿತು. ಅವಳ ಬಗ್ಗೆ ನನ್ನ ಅನುಮಾನ ಸುಳ್ಳಾಯಿತು, ಬರೆದುಕೊಳ್ಳಿ.

ಆದರೆ ಅವತ್ತು ಮಂಗಳವಾರ ನಾನು ಗೆದ್ದವನ ಹಾಗೆ ಎದ್ದು ನಿಂತಿದ್ದೆ. ನನ್ನ ಹೆಂಡತಿ ಕಳ್ಳಿಯಲ್ಲ, ಕಳ್ಳ ಇಲ್ಲಿದ್ದಾನೆ ಅಂತ ಎದೆ ಉಬ್ಬಿತ್ತು. ಹೊರಡುವ ಮುಂಚೆ ಸುಮ್ಮನೆ ಕೇಳಿದೆ.

“ಅಲ್ಲವ್ವ, ನಾಲ್ಕು ಗಂಟೆಗೇ ಏರಬೇಕು ಅಂತ ಅದಕ್ಕೆ ಯಾರು ಹೇಳಿದ್ದು? ಆಕಿ ಮೈಯಾಗ ಹಂಗೇನೂ ಇರಲಿಲ್ಲಲ್ಲ.”

ಶಾಂಭವಿ ಕಪಾಟಿನ ಕೀಲಿ ತೆಗೆದು ಒಂದು ಫೈಲು ತಂದು ನನ್ನ ಮುಂದಿಟ್ಟಳು. ಆಹಾರದ ಹಾಳೆಗಳು. ಎಡಗಡೆ ನೀಲಮ್ಮನ ದುಂಡು ಅಕ್ಷರ, ತಿಂಗಳು ಕಳೆದ ಹಾಗೆ ಗೆರೆ ಬಿಟ್ಟು ಮೇಲೆ ಕೆಳಗೆ ಓಡುತ್ತಿತ್ತು. ಬಲಗಡೆ ಅಂಟು ಕಿತ್ತ ಮಡಿಕೆ. ಅದರಲ್ಲಿ ನನ್ನ ಅಕ್ಷರ.

“ರೋಗಿ ಬರೆದದ್ದಕ್ಕಿಂತ ಮನೆಯವರು ಬರೆದದ್ದಕ್ಕೆ ಮೂರು ಪಟ್ಟು ಬೆಲೆ ಕೊಟ್ಟಿದ್ವಿ,” ಅಂದಳು. “ನೀವು ನಾಲ್ಕಕ್ಕೆ ಸಿಹಿ ಅಂತ ಬರೆದ್ರಿ. ಪಡಿಯಚ್ಚು ನಂಬಿತು. ಪಂಪು ಅದನ್ನ ನಿಜ ಮಾಡಿತು. ಅದು ನಿಜವಾಯ್ತು ಅಂತ ನೀವು ಮತ್ತೆ ಬರೆದ್ರಿ.”

ಅಯ್ಯೋ ಶಿವನೇ. ನಾನು ಬರೆದದ್ದು ಅವಳ ರಕ್ತಕ್ಕೆ ಹೋಗಿತ್ತು. ರಕ್ತದಿಂದ ಕಣ್ಣಿಗೆ ಹೋಗಿತ್ತು.

“ವರದಿಯಲ್ಲಿ ನಿಮ್ಮ ಹೆಸರು ಬರಲ್ಲ ಅಂಕಲ್. ತಪ್ಪು ಮಾಹಿತಿ ಅಂತಷ್ಟೇ ಬರೀತೀನಿ. ಅಮ್ಮನಿಗೂ ನಾನು ಹೇಳಲ್ಲ. ಅದು ನಿಮ್ಮದು.”

ಹಾಳೆಗಳು ಮನೆಯವರ ಸ್ವತ್ತು, ಕೇಳಿದರೆ ಕೊಡಬೇಕು ಅಂತ ನಿಯಮ. ಕೇಳಿ ತೆಗೆದುಕೊಂಡೆ. ಸುಡಬೇಕು ಅಂತಲೇ ತೆಗೆದುಕೊಂಡೆ, ಇದರಲ್ಲಿ ಮುಚ್ಚುಮರೆ ಏನು. ದಾರಿಯಲ್ಲಿ ಮಂಡಕ್ಕಿ ಭಟ್ಟಿಗಳ ಸಾಲಿದೆ, ಬೆಳಗಿನಿಂದ ಸಂಜೆಯವರೆಗೆ ಉರಿಯುತ್ತವೆ. ಒಂದು ಭಟ್ಟಿಯ ಮುಂದೆ ನಿಂತೂ ನಿಂತೆ. ಭಟ್ಟಿಯವನು ಏನ್ ಯಜಮಾನ್ರೇ, ಎಷ್ಟು ಸೇರು ಬೇಕು ಅಂದ. ಏನೂ ಬೇಡಪ್ಪ ಅಂದು ಮನೆಗೆ ನಡೆದೆ.

ನೀಲಮ್ಮ ಪಡಸಾಲೆಯಲ್ಲಿ ಕೂತಿದ್ದಳು. ಮಧ್ಯಾಹ್ನ ಮೂರೂವರೆ. ಫೋನು ನೋಡಿದೆ, ನೂರ ಮೂವತ್ತಾರು. ಎಲ್ಲ ಹೇಳಿದೆ. ಪಂಪಿನ ಕಥೆ, ಎರಡು ಗೆರೆಯ ಕಥೆ, ಶಾಂಭವಿ ಫೋನ್ ಮಾಡಿದ್ದು. ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಕ್ಕಳು, ಮತ್ತೆ ಒರೆಸಿಕೊಂಡಳು.

“ಹಂಗಾರೆ ನಾನು ತಿಂದಿಲ್ಲ.”

“ಇಲ್ಲ ಮಾರಾಯ್ತಿ. ನೀನು ತಿಂದಿಲ್ಲ.”

“ಇನ್ನೊಂದು ಸಲ ಹೇಳ್ರಿ.”

ಹೇಳಿದೆ. ಕೊರಳಿನಿಂದ ಕೀಲಿ ಬಿಚ್ಚಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಪಕ್ಕಕ್ಕೆ ಇಟ್ಟಳು. ಮೂವತ್ತು ವರ್ಷ ಮಕ್ಕಳ ತೂಕದ ರಿಜಿಸ್ಟರ್ ಬರೆದವಳು, ಸುಳ್ಳು ಲೆಕ್ಕ ಎಲ್ಲಿಂದ ಶುರುವಾಗುತ್ತದೆ ಅಂತ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

“ನಾಲ್ಕು ಗಂಟಿ ಅನ್ನೋದು ಆ ಮೆಷಿನ್ನಿಗೆ ಎಲ್ಲಿಂದ ಬಂತ್ರೀ?”

ಗೊತ್ತಿಲ್ಲ ಅನ್ನಬಹುದಿತ್ತು. ಅವಳಿಗೆ ತಿಳಿಸುವವರು ಯಾರೂ ಇರಲಿಲ್ಲ. ಫೈಲು ನನ್ನ ಕೈಯಲ್ಲೇ ಇತ್ತು, ಆದರೆ ಅದು ಯಾವ ಫೈಲು ಅಂತ ಈಗ ಅವಳಿಗೆ ಕಾಣುವುದಿಲ್ಲ. ಅದೇ ನನ್ನನ್ನು ಕೊಂದಿತು.

“ನಾನು ಬರೆದಿದ್ದು,” ಅಂದೆ. “ತಮ್ಮನ ಮಗಳ ಮದುವಿ ಆದ ಮ್ಯಾಲೆ ಪ್ರತಿ ವಾರ ಬರೆದೆ. ನೋಡದೆ ಬರೆದೆ.”

“ಹಾಳಿ ಎಲ್ಲದಾವೆ?”

“ಇಲ್ಲೇ ಅದಾವೆ.”

“ಕೊಡ್ರಿ.”

ಕೊಟ್ಟೆ. ಎಡಗಣ್ಣಿನ ಹತ್ತಿರಕ್ಕೆ ತಂದುಕೊಂಡಳು, ದೂರ ಹಿಡಿದಳು, ಬೆಳಕಿಗೆ ತಿರುಗಿಸಿದಳು. ನನ್ನ ಅಕ್ಷರ ಸಣ್ಣ. ನಲವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳು ಕಾಗದವೊಂದನ್ನು ಓದದೆ ನನ್ನ ಕೈಗೆ ವಾಪಸು ಕೊಟ್ಟಳು.

“ಓದ್ರಿ,” ಅಂದಳು.

“ಬ್ಯಾಡ ನೀಲಾ. ತಪ್ಪಾತು. ಕಾಲು ಹಿಡೀತೀನಿ ಬೇಕಾದ್ರೆ.”

“ಕಾಲು ಏನ್ಮಾಡೋದೈತಿ. ಆ ಮೆಷಿನ್ನಿಗೆ ನಾನ್ಯಾರು ಅಂತ ಗೊತ್ತಿರಲಿಲ್ಲ, ಅದಕ್ಕೆ ನಂಬ್ತು. ನನ್ನ ಗುರುತಿದ್ದೋರು ಏನ್ ಬರೆದೀರಿ ಅಂತ ನಾನು ಕೇಳ್ಬೇಕು. ತಾರೀಖು ಸಮೇತ ಓದ್ರಿ.”

ಚಾಪೆಯ ಮೇಲೆ ಅವಳೆದುರಿಗೆ ಕೂತೆ. ಕನ್ನಡಕ ಹಾಕಿಕೊಂಡೆ. ಮಾರ್ಚ್ ನಾಲ್ಕು, ನಾಲ್ಕಕ್ಕೆ ಏನೋ ತಿನ್ನುತ್ತಾಳೆ. ಮಾರ್ಚ್ ಹನ್ನೊಂದು, ಬೆಲ್ಲ ಇರಬಹುದು. ಮಾರ್ಚ್ ಹದಿನೆಂಟು, ಬೆಲ್ಲವೇ, ಇವಳ ಆಣೆಯನ್ನು ನಂಬಬೇಡಿ. ಅಲ್ಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಅವಳು ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳುತ್ತಿದ್ದಳು. ನಾನು ತಲೆ ಎತ್ತಿ ಅವಳನ್ನು ನೋಡಿದೆ.

“ಮುಂದಿಂದು,” ಅಂದಳು.

ಇನ್ನೂ ಇಪ್ಪತ್ತೊಂದು ಹಾಳೆಗಳಿದ್ದವು. ಮುಂದಿನದನ್ನು ತೆಗೆದೆ.